ಕೆಳಮನೆಯ ಮೆಷಿನ್ನು

ಕೆಳಮನೆಯ ಬಾಡಿಗೆಯವಳು ಬಚ್ಚಲ ನಲ್ಲಿಗೆ ಪೈಪು ಸಿಕ್ಕಿಸಿ ಪುಟ್ಟ ವಾಷಿಂಗ್ ಮೆಷಿನ್ನು ತಿರುಗಿಸಿದಳೆಂದರೆ ಸಾಕು, ಸದ್ದು ಕೇಳಿ ಮಹಡಿಯ ಓನರಮ್ಮ ತಾರಸಿಗೆ ಓಡಿ ಕೆಳಮನೆಯ ವಾಲ್ವು ಮುಚ್ಚಿಬಿಡುತ್ತಿದ್ದರು. ಕೂಸಿನ ಬಟ್ಟೆಯೆಲ್ಲ ಸೋಪಿನ ನೊರೆಯಲ್ಲೇ ಉಳಿಯುತ್ತಿತ್ತು. "ಕಲ್ಲಿನ ಮೇಲೆ ಒಗಿಯಮ್ಮ, ಕೈಯೇನು ಸವೆದ್ಹೋಗಲ್ಲ!" ಎಂದು ಹಂಗಿಸುವುದು ಬೇರೆ.

ದೀಪಾವಳಿಯ ಬೆಳಿಗ್ಗೆ ಮಹಡಿಮನೆಯಲ್ಲಿ ಹೊಸ ಅಳಿಯನಿಗೆ ಎಣ್ಣೆಸ್ನಾನ. ಕೆಳಗೆ ಮೆಷಿನ್ನು ಗುರುಗುಟ್ಟಿತು.

"ಹಬ್ಬದ ದಿನಾನೂ ಶುರುಮಾಡಿದ್ಲಾ?" ಓನರಮ್ಮ ಓಡಿಹೋಗಿ ವಾಲ್ವು ತಿರುಗಿಸಿದರು.

"ಅತ್ತೇ, ಕಣ್ಣು ತುಂಬ ಸೀಗೆಪುಡಿ, ನಲ್ಲೀಲಿ ನೀರೇ ನಿಂತ್ಹೋಯ್ತು!" ಅಳಿಯ ಬಚ್ಚಲಿನಿಂದ ಕಿರುಚಿದ.

ಕೆಳಗೆ ಬಾಡಿಗೆಯವಳ ಗಂಡ ಮೆಷಿನ್ನೊಳಗೆ ಇಣುಕಿದ. "ಬಟ್ಟೇನೇ ಇಲ್ವಲ್ಲೇ, ಯಾಕೆ ತಿರುಗಿಸ್ತಿದೀಯ?"

"ನಿನ್ನೆ ಪ್ಲಂಬರ್ ಕೈಲಿ ನಮ್ಮ ಪೈಪು ಅವರ ವಾಲ್ವಿಗೆ, ಅವರದ್ದು ನಮ್ಮದಕ್ಕೆ ಹಾಕಿಸಿದ್ದೆ. ಸರಿಯಾಗಿದ್ಯಾ ಅಂತ ನೋಡ್ದೆ."