ಅಜ್ಜನ ಟವೆಲ್ಲಿನ ಕೆಳಗೆ

ಟ್ರಂಕಿನಿಂದ ಅಜ್ಜನ ಟವೆಲ್ ತೆಗೆದಾಗಲೆಲ್ಲ ಅದರ ದನದ ವಾಸನೆಯೊಂದಿಗೆ ಲಕ್ಷ್ಮೇಶ್ವರದ ಸಂತೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಗಡಿಯಲ್ಲಿ ಎರಡು ದೇಶಗಳ ಸೈನ್ಯ ಎದುರುಬದುರು ನಿಂತು ತಿಂಗಳುಗಳಾಗಿದ್ದವು. ಅಣುಬಾಂಬ್ ಬಿದ್ದರೆ ಹುಲ್ಲುಕಡ್ಡಿಯೂ ಉಳಿಯುವುದಿಲ್ಲವೆಂದು ಮಾಸ್ತರರು ಹೇಳಿದ್ದರು. ಹೆದರಿದ ನಾನು, ದನದ ದಲಾಲಿ ಮಾಡುತ್ತಿದ್ದ ಅಜ್ಜನ ಬೆನ್ನು ಬಿಟ್ಟಿರಲಿಲ್ಲ.

ಒಂದು ಜೋಡಿ ಎತ್ತಿಗಾಗಿ ಮಾರುವವನೂ ಕೊಳ್ಳುವವನೂ ಹೊಡೆದಾಡುವವರಂತೆ ಒದರುತ್ತಿದ್ದರು. ಅಜ್ಜ ಇಬ್ಬರ ಕೈಗಳನ್ನೂ ತನ್ನ ಟವೆಲ್ಲಿನ ಕೆಳಗೆ ಸೇರಿಸಿದ. ಬಾಯಿಗಳು ಒದರುತ್ತಲೇ ಇದ್ದವು. ಕೆಳಗೆ ಬೆರಳುಗಳು ಒಂದನ್ನೊಂದು ಒತ್ತಿ ಸದ್ದಿಲ್ಲದೆ ಬೆಲೆ ಮಾತಾಡುತ್ತಿದ್ದವು.

“ಮಂದಿ ಮುಂದ ಸೋಲಾಕ ಯಾರೂ ಒಪ್ಪಂಗಿಲ್ಲವ್ವಾ. ಅದಕ್ಕ ಈ ಟಾವೆಲ್,” ಎಂದ ಅಜ್ಜ.

“ಆ ಎರಡೂ ದೇಶದವ್ರಿಗೆ ಟಾವೆಲ್ ಯಾರು ಹಾಕ್ತಾರ, ಅಜ್ಜಾ?”

“ಯಾರರ ಹಾಕಿರ್ತಾರ. ನಮಗ ಕಾಣಂಗಿಲ್ಲ, ಅಷ್ಟ.”

ವ್ಯಾಪಾರ ಕುದುರಿತು. ಜಗಳಾಡಿದ ಇಬ್ಬರೂ ಒಂದೇ ಕಪ್ಪಿನ ಚಹಾ ಹಂಚಿಕೊಂಡು ಕುಡಿಯುತ್ತಿದ್ದಾಗ ಅಂಗಡಿಯ ರೇಡಿಯೊ ಸುದ್ದಿ ಹೇಳಿತು: ಮಾತುಕತೆ ಫಲಿಸಿದೆ, ಎರಡೂ ಸೈನ್ಯ ಹಿಂದೆ ಸರಿಯುತ್ತಿವೆ.

ಅಜ್ಜ ಟವೆಲ್ ಝಾಡಿಸಿ, “ವ್ಯವಹಾರ ಮುಗೀತು!” ಎಂದು ಸಂತೆಗೆಲ್ಲ ಕೇಳುವಂತೆ ಕೂಗಿದ. ಅದನ್ನೇ ನನ್ನ ತಲೆಗೆ ರುಮಾಲು ಸುತ್ತಿದ. ಒಂದೂ ಗುಂಡು ಹಾರದ ಯುದ್ಧವನ್ನು ಗೆದ್ದವಳಂತೆ ನಾನು ಎತ್ತುಗಳ ಮುಂದೆ ಎದೆಯುಬ್ಬಿಸಿ ನಡೆದೆ.