ಐದು ಕಪ್ ಮೈದಾ

ಆಸ್ಪತ್ರೆಯಿಂದ ಬಂದ ಮೇಲೆ ಅಲಮೇಲು ತಮ್ಮ ಬೇಕರಿಗೆ ಕಾಲಿಟ್ಟದ್ದು ಅಂದೇ ಮೊದಲು. ಗಿರಾಕಿಯೊಬ್ಬರು ಬರೆದುಕೊಟ್ಟಿದ್ದ ಕೇಕಿನ ಚೀಟಿಯಲ್ಲಿ ಎಲ್ಲವೂ ಕಪ್ಪಿನ ಅಳತೆಯಲ್ಲಿತ್ತು. ಗಂಡ ಸಂಪತ್ತು ಅದನ್ನು ಗ್ರಾಮಿನ ಲೆಕ್ಕಕ್ಕೆ ತರುತ್ತಿದ್ದ.

"ಐದು ಕಪ್ ಮೈದಾ ಎಷ್ಟಾಗುತ್ತೆ?" ಎಂದು ಅಲಮೇಲು ಕೇಳಿದಳು.

"ಕಪ್ಪಿಗೆ ನೂರಿಪ್ಪತ್ತು ಗ್ರಾಂ. ಒಟ್ಟು ಆರುನೂರು."

ಅವಳು ಹಿಟ್ಟನ್ನು ಬಟ್ಟೆಯ ಚೀಲಕ್ಕೆ ತುಂಬಿ ತೂಗಿದಳು. ತಕ್ಕಡಿಯಿಂದ ಎರಡೂ ಕೈಯಲ್ಲಿ ಎತ್ತಿಕೊಂಡವಳು ಕೆಳಗಿಡಲೇ ಇಲ್ಲ.

"ಕೊಡೇ, ಜರಡಿ ಹಿಡೀತೀನಿ," ಎಂದು ಸಂಪತ್ತು ಕೈ ಚಾಚಿದ.

"ಒಂದು ನಿಮಿಷ ಇರಿ." ಅವಳು ಚೀಲವನ್ನು ಎದೆಗೊತ್ತಿಕೊಂಡಳು. "ನಮ್ಮ ಪಾಪು ಆರುನೂರು ಗ್ರಾಂ ಇತ್ತು ಅಂದಿದ್ರು ನರ್ಸು. ಮಣ್ಣು ಮಾಡೋಕೆ ಮುಂಚೆ ಒಂದ್ಸಲನಾದ್ರೂ ನನ್ನ ಕೈಗೆ ಕೊಡಲಿಲ್ಲ ನೀವ್ಯಾರೂ."