ಸ್ವಲ್ಪ ಗಟ್ಟಿಯಾಗಿ

“ನನ್ನ ಮೇಲಿನ ಕೋರ್ಟ್ ತೀರ್ಪನ್ನು ಕ್ರೆಡಿಟ್ ವರದಿಯಿಂದ ತೆಗೆಸಬೇಕಿತ್ತಮ್ಮ,” ಎಂದು ನಿವೃತ್ತ ಸಾಲ ವಸೂಲಿಗಾರ ಬ್ಯಾಂಕಿನ ಕೌಂಟರಿನ ಗಾಜಿಗೆ ಮೂಗು ತಾಗಿಸಿ ಪಿಸುಗುಟ್ಟಿದ. ಬಾಕಿ ತೀರಿಸಿದ್ದರೂ ತೀರ್ಪು ಅಲ್ಲೇ ಕೂತಿತ್ತು; ಅದು ಇರುವತನಕ ಮನೆಸಾಲ ಹುಟ್ಟುವಂತಿರಲಿಲ್ಲ.

“ಕೇಳಿಸ್ತಿಲ್ಲ ಸಾರ್, ಸ್ವಲ್ಪ ಗಟ್ಟಿಯಾಗಿ,” ಎಂದಳು ಒಳಗಿದ್ದ ಗುಮಾಸ್ತೆ, ಬಲು ವಿನಯದಿಂದ. ಅವನು ಹಿಂದೆ ತಿರುಗಿ ನೋಡಿದ. ಜಾಮೀನಿಗೆಂದು ಕರೆತಂದ ಹೊಸ ಬೀಗರು ಬೆಂಚಿನಲ್ಲಿ ಪೇಪರ್ ಓದುತ್ತಿದ್ದರು. ಅವಳು ಕಿವಿಗೆ ಕೈ ಆನಿಸಿ ಕಾದಳು.

“ಸಾಲ ಕಟ್ಟದೆ ಕೋರ್ಟಿಗೆ ಹೋಗಿತ್ತು, ಅದನ್ನ ತೆಗೀರಿ!” ಎಂದು ಕೂಗಿಯೇಬಿಟ್ಟ. ಬೀಗರ ಪೇಪರ್ ಕೆಳಗಿಳಿಯಿತು.

“ತೆಗೀತೀನಿ ಮಾಮ, ಅದು ನಿಮ್ಮ ಹಕ್ಕು,” ಎಂದಳು. “ನಾನು ದರ್ಜಿಯ ಚಿಕ್ಕ ಮಗಳು. ವಸೂಲಿಗೆ ಬಂದ ದಿನ ಅಪ್ಪನ ಬಾಕಿಯನ್ನ ನೀವು ನಮ್ಮ ಬಾಗಿಲಲ್ಲಿ ಇದಕ್ಕಿಂತ ಜೋರಾಗಿ ಕೂಗಿದ್ರಿ. ಅಕ್ಕನ ಮದುವೆ ಮಾತಾಡೋಕೆ ಬಂದವರು ಒಳಗೇ ಕೂತಿದ್ರು.”